ಬೆಂಚಿನ ಹಿಂದಿನ ಪೊದೆ

ಪಾರ್ಕಿನಲ್ಲಿ ಲಂಟಾನ ಕಳೆ ಕಿತ್ತು ಬಂದ ಅತ್ತೆ-ಸೊಸೆ, ಬಸ್ಸಿಗೆ ಕಾಯುತ್ತಿದ್ದ ಟೈಲರಮ್ಮನ ಪಕ್ಕ ಮಣ್ಣುಗೈಯಲ್ಲೇ ಕೂತರು. ಟೈಲರಮ್ಮನ ಕಿವಿ ನೆಟ್ಟಗಾಯಿತು.

"ಬೀದಿಯವರೆಲ್ಲ ಸೇರಿ ಎಳೆದ್ರೂ ಆ ಬೆಂಚಿನ ಹಿಂದಿನ ಪೊದೆ ಜಪ್ಪಯ್ಯ ಅಂದ್ರೂ ಅಲುಗಲಿಲ್ಲ, ಅತ್ತೆ!"

"ಹೇಗೆ ಅಲುಗುತ್ತೆ? ಅದನ್ನ ನೆಟ್ಟಿದ್ದೇ ನಿಮ್ಮಾವ ಕಣೇ."

"ಮಾವಾನಾ?"

"ಮದುವೆಯಾದ ಹೊಸದು. ಹೂವು ಚೆನ್ನಾಗಿದೆ ಅಂದೆ. ಮಾರನೇ ದಿನವೇ ಕಡ್ಡಿ ತಂದು ಊರಿಬಿಟ್ರು. ಈಗ ಅರ್ಧ ಪಾರ್ಕು ನುಂಗಿದೆ."

"ಅದಕ್ಕೇನಾ ಮಾವ ಭಾನುವಾರ ಎಲ್ರಿಗಿಂತ ಮೊದ್ಲು ಗುದ್ದಲಿ ಹಿಡಿಯೋದು?"

"ಯಾರ ಹತ್ರನೂ ಬಾಯಿ ಬಿಡಬೇಡ!"

ಅಷ್ಟರಲ್ಲಿ ಬಸ್ಸು ಬಂತು. ಹಿಂದೆಯೇ ಮಾವ ಗುದ್ದಲಿ ಹೊತ್ತು ಓಡಿಬಂದರು. "ಬೇರುಸಮೇತ ಕಿತ್ತೆ ಕಣೇ!" ಎಂದು ಕೊನೆಯ ಹೂಗೊಂಚಲನ್ನು ಹೆಂಡತಿಯ ಕೈಗಿಟ್ಟರು.

ಸೊಸೆ ನಕ್ಕು ನಕ್ಕು ಸುಸ್ತಾದಳು. ಅತ್ತೆ ಹೂವನ್ನೇ ನೋಡುತ್ತಾ ಬಸ್ಸು ಹತ್ತಿದರು.

"ಚೆನ್ನಾಗಿದೆ ಅಂತ ಈ ಸಲ ಮಾತ್ರ ಹೇಳಲ್ಲ ರೀ!"