ಮೀನೆಣ್ಣೆ ಹಚ್ಚಿದ ಆಂಪ್ಲಿಫೈಯರ್

...ಇಲ್ಲ ಇಲ್ಲ, ಸುಟ್ಟ ವಾಸನೆ ಅಲ್ಲ ಮಗಾ ಅದು. ನಿಮಗೆಲ್ಲ ಆಂಪ್ಲಿಫೈಯರ್ ಹಾಳಾಯ್ತು ಅಂದ್ರೆ ಸುಟ್ಟುಹೋಯ್ತು ಅಂತಲೇ ಲೆಕ್ಕ. ನಾನು ಮಾಡಿದ್ದು ಸುಡ್ಲೇ ಇಲ್ಲ. ಚಂದ ಹಾಡ್ತಿತ್ತು, ಎಷ್ಟು ಚಂದ ಅಂದ್ರೆ, ಈಗ ನೀವು ಸಿಟೌಟಿನಲ್ಲಿ ತಂದಿಟ್ಟಿದ್ದೀರಲ್ಲ ಒಂದು ಡಬ್ಬ, ಬ್ಲೂಟೂತಿನದ್ದು, ಅದು ಅದರ ಮುಂದೆ ಸೊಳ್ಳೆ. ಆದ್ರೆ ನಾರ್ತಿತ್ತು. ಕೊಳೆತ ಬೂತಾಯಿ ಮೀನು ನಾರಿದ ಹಾಗೆ ನಾರ್ತಿತ್ತು. ನಗ್ಬೇಡಿ ಆಯ್ತಾ, ನಗುವ ಕಥೆ ಅಲ್ಲ ಇದು. ಆ ನಾತದ್ದೇನೂ ಇಲ್ಲ, ಅದು ತೊಳೆದ್ರೆ ಹೋಯ್ತು. ಆಮೇಲೆ ನಾನು ಮಾಡಿದ್ದುಂಟಲ್ಲ, ಅದನ್ನು ನೆನೆಸಿದ್ರೆ ಈಗಲೂ ನನಗೆ ನನ್ನ ಮೇಲೆ ಹೇಸಿಗೆ ಆಗ್ತದೆ. ಥೂ.

ನನಗಾಗ ಇಪ್ಪತ್ತೆರಡು, ಅಲ್ಲ, ಇಪ್ಪತ್ಮೂರು. ಹೊಳೆಯಾಚೆ ಬೆಂಗ್ರೆಯಲ್ಲಿ ಮನೆ, ಅಪ್ಪನಿಗೆ ದೋಣಿ, ಅಂದ್ರೆ ಪಾಲಿನ ದೋಣಿ, ಸ್ವಂತದ್ದಲ್ಲ. ನಾನು ಎರಡು ಸಲ ಕಡಲಿಗೆ ಹೋಗಿ ಎರಡು ಸಲವೂ ಹೊಟ್ಟೆಯಲ್ಲಿದ್ದದ್ದೆಲ್ಲ ಕಕ್ಕಿ ಬಂದವ. ಮೀನು ಹಿಡಿಯುವ ಮೊಗವೀರನ ಮಗ ಕಡಲಲ್ಲಿ ವಾಂತಿ ಮಾಡುದು ಅಂದ್ರೆ ಊರಿಡೀ ತಮಾಷೆ, ಗೊತ್ತುಂಟಾ? ಹಾಗೆ ಅಪ್ಪ ಹೇಳಿದ್ರು, ನಿನ್ನಿಂದ ಇದು ಆಗುದಲ್ಲ, ಬೇರೆ ಎಂತಾದ್ರೂ ನೋಡು ಅಂತ. ಹಂಪನಕಟ್ಟೆಯಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿ, ಅಲ್ಲಿ ಸೇರಿದೆ. ಎಂತ ಕೆಲಸ? ಗುಡಿಸುದು, ರೇಡಿಯೋ ಬಿಚ್ಚಿ ಧೂಳು ತೆಗೆಯುದು, ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುದು, ಎಲ್ಲ ನೆಲದಲ್ಲಿ ಕೂತು. ಅಂಗಡಿಯಲ್ಲಿ ಎರಡು ಟೇಬಲ್. ಒಂದು ಧಣಿಗಳದ್ದು. ಇನ್ನೊಂದು ಹಳೆ ಮೆಕ್ಯಾನಿಕಿನದ್ದು, ಅವ ಗಲ್ಫಿಗೆ ಹೋಗಿ ಅದು ಖಾಲಿ ಬಿದ್ದಿತ್ತು. ನಾನು ಕೆಲಸ ಎಲ್ಲ ನೋಡಿ ನೋಡಿ ಕಲಿತಿದ್ದೆ, ಆದ್ರೂ ಆ ಟೇಬಲಿಗೆ ಕರೀಲಿಲ್ಲ. ಯಾಕೆ ಅಂದ್ರೆ, ಬೆಳಿಗ್ಗೆ ಧಣಿಗಳು ಬಂದ ಕೂಡಲೇ ಊದುಬತ್ತಿ ಹಚ್ಚುತ್ತಿದ್ರು, ಎರಡು ದೇವರ ಪಟಕ್ಕೆ, ಎರಡು ನಾನು ಕೂತ ಮೂಲೆಗೆ. "ಬಂದನಾ ನಮ್ಮ ಬೂತಾಯಿ? ಗಿರಾಕಿಗಳು ಓಡಿ ಹೋಗ್ತಾರೆ ಮಾರಾಯ, ಆಚೆ ಸರಿದು ಕೂತ್ಕೋ." ಹೀಗೆ, ನಗಾಡಿಕೊಂಡು. ನಾನು ಫೆರಿ ಹತ್ತುವ ಮೊದಲು ಎರಡೆರಡು ಸಲ ಸೋಪು ಹಾಕಿ ಸ್ನಾನ ಮಾಡಿ ಹೋಗ್ತಿದ್ದೆ. ಅವರ ಬಾಯಿಯ ಜರ್ದಾದ ವಾಸನೆಗೆ ಊದುಬತ್ತಿ ಹಚ್ಚುವವರು ಯಾರೂ ಇರ್ಲಿಲ್ಲ.

ಆಗ ಬಿಜೈಯ ಒಬ್ಬರು ಕ್ರಿಶ್ಚಿಯನ್ ಪೊರ್ಬುಗಳು ಮಸ್ಕತ್ತಿನಿಂದ ರಜೆಯಲ್ಲಿ ಬಂದ್ರು. ಫೆಲಿಕ್ಸ್ ಅಂತ. ಟೇಪ್ ಡೆಕ್, ನನ್ನ ಸೊಂಟದಷ್ಟು ಎತ್ತರದ ಎರಡು ಸ್ಪೀಕರ್, ಎಲ್ಲ ತಂದಿದ್ರು, ಮಧ್ಯದ ಆಂಪ್ಲಿಫೈಯರ್ ಮಾತ್ರ ಲಗೇಜಿನಲ್ಲಿ ಬಿದ್ದು ಪುಡಿ. ಆದಿತ್ಯವಾರ ಅವರ ಮದುವೆಯ ಇಪ್ಪತ್ತೈದನೇ ವರ್ಷದ ಊಟ, ಮನೆ ತುಂಬ ಜನ ಬರ್ಲಿಕ್ಕುಂಟು. ಧಣಿಗಳು ಎಂತ ಹೇಳಿದ್ರು? "ನಾವೇ ಒಂದು ಮಾಡಿ ಕೊಡುವ ಪೊರ್ಬುಗಳೇ, ಫಾರಿನ್ನಿನ ಅಪ್ಪನ ಹಾಗಿರ್ತದೆ." ಹೇಳಿದ್ದು ಅವರು, ಮಾಡ್ಬೇಕಾದ್ದು ನಾನು. ಅವರ ಕಣ್ಣು ಸೋಲ್ಡರ್ ಮಾಡ್ಲಿಕ್ಕೆ ಕಾಣ್ತಿರ್ಲಿಲ್ಲ, ಅದು ಗಿರಾಕಿಗಳಿಗೆ ಗೊತ್ತಾಗ್ಬಾರ್ದು. "ಇದೊಂದು ಸರಿಯಾಗಿ ಮಾಡು. ಸೋಮವಾರದಿಂದ ಆ ಟೇಬಲ್ ನಿಂದು. ಕೆಟ್ಟಿತೋ, ಮೀನಿನ ದಕ್ಕೆಗೆ ಹೋಗಿ ಐಸ್ ಹೊರು." ಅಷ್ಟೇ ಮಾತು.

ಮಾಡಿದೆ. ಮನೆಯಲ್ಲೇ ಕೂತು ಮಾಡಿದೆ, ಅಂಗಡಿಯಲ್ಲಿ ಜಾಗ ಎಲ್ಲಿ? ತಾಮ್ರದ ಬೋರ್ಡಿನ ಮೇಲೆ ತಂಗಿಯ ನೈಲ್ ಪಾಲಿಶಿನಲ್ಲಿ ಗೆರೆ ಎಳೆದು, ಆಸಿಡ್ ನೀರಿನಲ್ಲಿ ಅದ್ದಿ, ಉಳಿದ ತಾಮ್ರ ಕರಗಿಸಿ, ಹಾಗೆ ಬೋರ್ಡು. ತಂಗಿ ಮೂರು ದಿನ ಮಾತಾಡ್ಲಿಲ್ಲ ಆ ಬಾಟ್ಲಿಗೋಸ್ಕರ. ಟ್ರಾನ್ಸ್‌ಫಾರ್ಮರಿಗೆ ಸುತ್ತು ಎಣಿಸುವಾಗ ಅಮ್ಮ ಊಟಕ್ಕೆ ಕರೆದು ಲೆಕ್ಕ ತಪ್ಪಿ ಮತ್ತೆ ಮೊದಲಿಂದ. ನಾಲ್ಕು ದೊಡ್ಡ ಟ್ರಾನ್ಸಿಸ್ಟರ್, ಸ್ಟೀಲಿನ ಟೋಪಿ ಇದ್ದ ಹಾಗೆ ಇರ್ತವೆ, ಅವು ಹಾಡುವಾಗ ಕೈ ಇಡ್ಲಿಕ್ಕೆ ಆಗದಷ್ಟು ಬಿಸಿ ಆಗ್ತವೆ. ಆ ಬಿಸಿ ಹಿಂದಿನ ಅಲ್ಯೂಮಿನಿಯಂ ರೆಕ್ಕೆಗೆ ಇಳೀಬೇಕು, ಇಲ್ಲದಿದ್ರೆ ಟ್ರಾನ್ಸಿಸ್ಟರ್ ಸತ್ತಿತು. ಇಳೀಲಿಕ್ಕೆ ಮಧ್ಯದಲ್ಲಿ ಒಂದು ಬಿಳಿ ಪೇಸ್ಟ್ ಹಚ್ಚಬೇಕು. ನಮ್ಮ ಅಂಗಡಿಯಲ್ಲಿ ಪೇಸ್ಟ್ ಮುಗಿದಿತ್ತು. ರಸ್ತೆ ದಾಟಿದ್ರೆ ಇನ್ನೊಂದು ರೇಡಿಯೋ ಅಂಗಡಿ, ಆದ್ರೆ ಧಣಿಗಳಿಗೂ ಅವರಿಗೂ ಮಾತಿಲ್ಲ. "ಅವನ ಹತ್ರ ಕೇಳ್ಲಿಕ್ಕೆ ಹೋದ್ರೆ ಕಾಲು ಮುರೀತೇನೆ. ಬಿಳಿ ಪೌಡರಿಗೆ ಎಣ್ಣೆ ಕಲಸಿದ್ದು ಮಾರಾಯ ಅದು, ನೀನೇ ಕಲಸು."

ಬಿಳಿ ಪೌಡರು ಮೆಡಿಕಲಿನಲ್ಲಿ ಸಿಕ್ಕಿತು, ಮಕ್ಕಳಿಗೆ ಬೆವರುಸಾಲೆಗೆ ಹಚ್ಚುದುಂಟಲ್ಲ, ಅದೇ. ಎಣ್ಣೆ ಯಾವುದು? ತೆಂಗಿನೆಣ್ಣೆ ನೋಡಿದೆ, ಬಿಸಿಗೆ ನೀರಾಗಿ ಇಳಿದು ಹೋಯ್ತು. ಬಿಸಿಗೆ ಇಳಿದು ಹೋಗದ ಎಣ್ಣೆ ಯಾವುದು, ಒಣಗಿದ್ರೆ ಅಂಟಿ ಕೂತುಕೊಳ್ಳುವ ಎಣ್ಣೆ? ಹಿತ್ತಿಲಲ್ಲೇ ಡಬ್ಬದಲ್ಲಿ ಇತ್ತಲ್ಲ! ಬೂತಾಯಿ ಎಣ್ಣೆ. ಅಪ್ಪ ದೋಣಿಯ ಹಲಗೆಗೆ ಹಚ್ಚುದು, ಉಪ್ಪುನೀರು ಹೀರ್ಬಾರ್ದು ಅಂತ. ಕಲಸಿದೆ, ಬೆಣ್ಣೆಯ ಹಾಗೆ ಆಯ್ತು. ಹಚ್ಚಿದೆ. ಎರಡು ದಿನ ಮನೆಯಲ್ಲಿ ಹಾಡಿಸಿದೆ, ಅಕ್ಕಪಕ್ಕದವರೆಲ್ಲ ಬಂದು ಕೇಳಿದ್ರು, "ಎಂತ ಸೌಂಡು ಮಾರಾಯ" ಅಂದ್ರು. ವಾಸನೆ ಅಂತ ಒಬ್ಬ ಹೇಳಿದ್ನಾ? ಒಬ್ಬನೂ ಇಲ್ಲ. ಹೇಗೆ ಹೇಳುದು? ಕೇರಿಯಲ್ಲಿ ಆ ಎಣ್ಣೆ ಹಚ್ಚದ ಹಲಗೆ ಇಲ್ಲ, ಹುಟ್ಟಿದಾರಭ್ಯ ಮೂಗಿನಲ್ಲಿ ಇರುವುದೇ ಅದು. ನನಗೆ ಅದು ವಾಸನೆ ಅಂತಲೇ ಗೊತ್ತಿಲ್ಲ, ಮನೆ ಅಂದ್ರೆ ಹಾಗೆ ಇರುದು ಅಂತ.

ಶನಿವಾರ ಬೆಳಿಗ್ಗೆ ಧಣಿಗಳೂ ನಾನೂ ರಿಕ್ಷಾದಲ್ಲಿ ಬಿಜೈಗೆ ತಗೊಂಡು ಹೋದೆವು. ಪೊರ್ಬುಗಳು ಕೊಂಕಣಿ ಕ್ಯಾಸೆಟ್ ಹಾಕಿದ್ರು. ಅಬ್ಬ! ಬಾಯಮ್ಮ, ಅಂದ್ರೆ ಅವರ ಹೆಂಡ್ತಿ, ಅಡಿಗೆ ಕೋಣೆಯಿಂದ ಕೈ ಒರೆಸಿಕೊಂಡು ಬಂದು ನಿಂತೇ ಬಿಟ್ರು. ನಮಗೆ ಚಹಾ ಬಂತು, ಚಕ್ಕುಲಿ ಬಂತು. ಧಣಿಗಳು ಕಾಲ ಮೇಲೆ ಕಾಲು ಹಾಕಿ, "ನಾನು ಮೂರು ವಾರ ಕಣ್ಣಿಗೆ ಎಣ್ಣೆ ಬಿಟ್ಟು ಮಾಡಿದ್ದು" ಅಂತ ಬಿಡ್ತಾ ಇದ್ರು. ಒಂದು ಗಂಟೆ ಆಗಿರ್ಬೇಕು, ಟ್ರಾನ್ಸಿಸ್ಟರ್ ಎಲ್ಲ ಸರಿಯಾಗಿ ಬಿಸಿ ಆಯ್ತು. ಬಾಯಮ್ಮನ ಮೂಗು ಎದ್ದಿತು.

"ಸಾಯ್ಬಾ! ಎಂತ ವಾಸನೆ ಇದು? ಇಲಿ ಸತ್ತಿದೆ!"

ಆಮೇಲೆ ಶುರುವಾಯ್ತು ನೋಡಿ. ಸೋಫಾ ಎತ್ತಿದ್ರು, ಕಾರ್ಪೆಟ್ ಮಡಚಿದ್ರು, ಏಸುವಿನ ಪಟದ ಅಲ್ತಾರಿನ ಹಿಂದೆ ಬ್ಯಾಟರಿ ಬಿಟ್ಟು ನೋಡಿದ್ರು. ನಾನೂ ಹುಡುಕಿದೆ, ಸತ್ಯವಾಗಿ! ಕಪಾಟಿನ ಅಡಿಗೆ ಮಲಗಿ ಕೋಲು ಹಾಕಿ ಇಲಿ ಹುಡುಕಿದವ ನಾನು. ಹಿಂದೆ ಹಾಡು ಜೋರಾಗಿ ನಡೀತಾ ಉಂಟು, ಹಾಡು ನಡೆದಷ್ಟೂ ನಾತ ಹೆಚ್ಚು. ಪೊರ್ಬುಗಳು ಮೂಗಿಗೆ ಕರ್ಚೀಪು ಕಟ್ಟಿ, "ನಾಳೆ ಎಂಬತ್ತು ಜನ ಬರ್ತಾರೆ!" ಅಂತ ಕೂಗ್ತಾ ಇದ್ದಾರೆ.

ಅಷ್ಟೊತ್ತಿಗೆ ಹಿಂಬಾಗಿಲಿನಲ್ಲಿ "ಬಾಯಮ್ಮಾ, ಮೀನು" ಅಂತ ಕೇಳಿತು. ಗಿರಿಜಕ್ಕ. ನಮ್ಮ ಕೇರಿಯವಳೇ, ನಮ್ಮಿಂದ ನಾಲ್ಕನೇ ಮನೆ, ಗಂಡ ಇಲ್ಲ, ಇಬ್ಬರು ಹೆಣ್ಣುಮಕ್ಕಳು. ದಕ್ಕೆಯಲ್ಲಿ ಮೀನು ತಗೊಂಡು ಬಿಜೈಗೆ ಹೊತ್ತು ತರುವವಳು, ಆ ಸಾಲಿನ ಮನೆಗಳೆಲ್ಲ ಅವಳದ್ದೇ ಖಾಯಂ, ಹಿಂದಿನ ಜಗಲಿಯಲ್ಲಿ ಕೂತು ಮೀನು ಕೊರೆದು, ತೊಳೆದು ಕೊಟ್ಟು ಹೋಗುದು. ಬಾಯಮ್ಮ ಅವಳನ್ನು ಒಳಗೆ ಕರೆದ್ರು, ನೋಡು ಮಾರಾಯ್ತಿ ಎಂತ ನಾತ ಅಂತ. ಗಿರಿಜಕ್ಕ ಚಾವಡಿಯ ಬಾಗಿಲಲ್ಲಿ ನಿಂತು ಒಂದು ಸಲ ಉಸಿರು ಎಳೆದ್ಲು. ಒಂದೇ ಸಲ. ಆಂಪ್ಲಿಫೈಯರನ್ನು ನೋಡಿದ್ಲು, ಮತ್ತೆ ನನ್ನನ್ನು ನೋಡಿದ್ಲು. ಆಗ ನನ್ನ ತಲೆಗೆ ಹೋಯ್ತು. ರೆಕ್ಕೆಯ ಹತ್ರ ಹೋಗಿ ಬಗ್ಗಿ ಮೂಸಿದೆ. ಅಪ್ಪನ ದೋಣಿ!

ಹೇಳ್ಬಹುದಿತ್ತು. ಒಂದು ಮಾತು. "ಪೇಸ್ಟಿನದ್ದು ಬಾಯಮ್ಮ, ನನ್ನ ತಪ್ಪು, ಒಂದು ಗಂಟೆಯಲ್ಲಿ ಸರಿ ಮಾಡ್ತೇನೆ." ಮುಗೀತಿತ್ತು. ಆದ್ರೆ ಧಣಿಗಳು ಅಲ್ಲೇ ಕೂತಿದ್ದಾರೆ. ಮೀನೆಣ್ಣೆ ಅಂತ ನನ್ನ ಬಾಯಿಯಿಂದ ಬಂದ್ರೆ ಆ ಟೇಬಲ್ ಹೋಯ್ತು, ಊದುಬತ್ತಿ ಸಾಯುವವರೆಗೆ. ನಾನು ನೆಲ ನೋಡ್ತಾ ನಿಂತೆ. ಅಷ್ಟರಲ್ಲಿ ಬಾಯಮ್ಮನಿಗೆ ಹೊಳೆದದ್ದು ಬೇರೆ.

"ಏ ಗಿರಿಜಾ, ಇದು ಇಲಿ ಅಲ್ಲ, ಮೀನಿನದ್ದು! ನಿನ್ನೆ ನೀನು ಮೀನು ತೊಳೆದ ನೀರು ಎಲ್ಲಿ ಚೆಲ್ಲಿದ್ದು?"

ಧಣಿಗಳು ಕೂಡ್ಲೇ, "ಹೌದೌದು, ಇವರದ್ದೆಲ್ಲ ಹಾಗೆಯೇ ಬಾಯಮ್ಮ, ಒಳಗೆ ಬಿಡ್ಲೇಬಾರ್ದು." ನನ್ನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಹೇಳಿದ್ದು ಅದು! ಗಿರಿಜಕ್ಕ ನನ್ನನ್ನೇ ನೋಡ್ತಾ ನಿಂತಿದ್ಲು. ನಾನು ಎಂತ ಮಾಡಿದೆ ಗೊತ್ತುಂಟಾ? ಸ್ಪೀಕರಿನ ವಯರ್ ಬಿಗಿ ಮಾಡ್ಲಿಕ್ಕೆ ಕೂತೆ. ಬಿಗಿ ಇದ್ದ ವಯರನ್ನೇ ಬಿಚ್ಚಿ ಮತ್ತೆ ಬಿಗಿ ಮಾಡಿದೆ. ಬೆನ್ನ ಹಿಂದೆ ಅವಳ ಸ್ವರ ಕೇಳಿತು. "ಇರ್ಬಹುದು ಬಾಯಮ್ಮ. ಬುಟ್ಟಿಯ ನೀರು ಸೋರಿರ್ಬಹುದು." "ಹಾಗಾದ್ರೆ ನಾಳೆಯಿಂದ ಬರ್ಬೇಡ ನೀನು. ಆಚೆ ಮನೆಯವರಿಗೂ ಹೇಳ್ತೇನೆ." "ಆಯ್ತು ಬಾಯಮ್ಮ." ಬುಟ್ಟಿ ಎತ್ತಿ ತಲೆಗೆ ಇಟ್ಟುಕೊಂಡು ಹೋದ್ಲು, ಅಷ್ಟೇ.

ಮತ್ತೆ ನನ್ನ ಬುದ್ಧಿ ಕೇಳಿ. "ಸ್ವಲ್ಪ ಗುಂಯ್ ಅಂತ ಹಮ್ಮಿಂಗ್ ಉಂಟು ಪೊರ್ಬುಗಳೇ, ಅಂಗಡಿಯಲ್ಲಿ ಸರಿ ಮಾಡಿ ಸಂಜೆ ತರ್ತೇನೆ" ಅಂದೆ. ಎಂತ ಹಮ್ಮಿಂಗ್? ಒಂದು ಚೂರು ಇರ್ಲಿಲ್ಲ. ರಿಕ್ಷಾದಲ್ಲಿ ಅದು ಧಣಿಗಳ ತೊಡೆಯ ಹತ್ರ ಇತ್ತು, ಮೂಸಿದ್ರು, ಮತ್ತೆ ಮೂಸಿದ್ರು, ಗೊತ್ತಾಯ್ತು ಅವರಿಗೆ. ಬೈತಾರೆ ಅಂತ ಮಾಡಿದೆ. ಹೊಟ್ಟೆ ಹಿಡಿದು ನಕ್ಕರು ಮಾರಾಯ! "ಏ, ನೀನು ಹುಷಾರಿದ್ದಿ! ಬಾಯಿ ಬಿಡ್ಲಿಲ್ಲ ನೋಡು! ಇಂಥವರೇ ಬೇಕು ನನಗೆ. ಟೇಬಲ್ ನಿಂದೇ ಹೋಗು." ಬೆನ್ನು ತಟ್ಟಿದ್ರು. ಮೂರು ವರ್ಷದಲ್ಲಿ ಮೊದಲ ಸಲ ನನ್ನನ್ನು ಮುಟ್ಟಿದ್ದು ಆ ಮನುಷ್ಯ. ಎಂತದಕ್ಕೆ? ಬೋರ್ಡಿಗೆ ಅಲ್ಲ, ಸೌಂಡಿಗೆ ಅಲ್ಲ. ಅಸಹ್ಯ!

ಪೆಟ್ರೋಲಿನಲ್ಲಿ ಎಲ್ಲ ತೊಳೆದೆ. ಪೇಸ್ಟಿಗೆ ರಸ್ತೆ ದಾಟಿ ಆ ಇನ್ನೊಂದು ಅಂಗಡಿಗೆ ಹೋದೆ, ಧಣಿಗಳು ಊಟಕ್ಕೆ ಹೋದಾಗ. ಅವರು ಯಾರು ಎತ್ತ ಅಂತಲೂ ಕೇಳದೆ ಟ್ಯೂಬನ್ನೇ ಕೈಗೆ ಕೊಟ್ರು. "ಬೇಕಾದಷ್ಟು ತಗೋ" ಅಂತ. ಕೇಳಿದ್ರೆ ಮೊದಲೇ ಸಿಗ್ತಿತ್ತು! ಸಂಜೆ ಕೊಟ್ಟು ಬಂದೆ, ಆದಿತ್ಯವಾರ ಊಟ ಗಮ್ಮತ್ತು ಆಯ್ತಂತೆ.

ಆದಿತ್ಯವಾರವೇ ಫೆರಿಯಲ್ಲಿ ಗಿರಿಜಕ್ಕ ಸಿಕ್ಕಿದ್ಲು. ನಾನೇ ಹತ್ರ ಹೋಗಿ ಕೇಳಿದೆ, "ಯಾಕಕ್ಕ ಹಾಗೆ ಹೇಳಿದ್ದು? ನೀರು ಸೋರ್ಲಿಲ್ಲ ಅಂತ ನಿನಗೆ ಗೊತ್ತಿತ್ತಲ್ಲ?" ಅವಳಿಗೆ ಸಿಟ್ಟೂ ಇರ್ಲಿಲ್ಲ. "ನೀನು ಹೇಳ್ತಿ ಅಂತ ಕಾದೆ ಮಗಾ. ನೀನು ಹೇಳ್ಲಿಲ್ಲ. ನಾನು ಹೇಳಿದ್ರೆ ನಿನ್ನ ಕೆಲಸ ಹೋಗ್ತಿತ್ತು, ಹಾಗಂತ ಬಾಯಮ್ಮ ನನ್ನನ್ನು ಮುಂಚಿನ ಹಾಗೆ ನೋಡ್ತಿದ್ರಾ? ಇಬ್ಬರದ್ದೂ ಹೋಗುದು ಬೇಡ ಅಂತ ಕಂಡಿತು." ಆಮೇಲೆ ಕಾವೂರಿನ ಕಡೆ ಹೋಗ್ತೇನೆ, ಅಲ್ಲಿ ಹೊಸ ಮನೆಗಳು ಆಗ್ತಾ ಉಂಟಂತೆ ಅಂದ್ಲು. ಬಿಜೈಯಿಂದ ಕಾವೂರು ಎಷ್ಟು ದೂರ ಉಂಟು, ನಿಮಗೆ ಕಾರಿನಲ್ಲಿ ಹೋಗಿ ಗೊತ್ತಾಗುದಿಲ್ಲ. ತಲೆಯಲ್ಲಿ ಬುಟ್ಟಿ ಇಟ್ಟು ನಡೆದ್ರೆ ಗೊತ್ತಾಗ್ತದೆ. ಮೊಣಕಾಲು ಹೋಗುವವರೆಗೆ ನಡೆದ್ಲು ಅವಳು.

ಬಾಯಮ್ಮನಿಗೆ ಹೇಳ್ಬೇಕು ಅಂತ ಪ್ರತಿ ವಾರ ಅಂದ್ಕೊಂಡೆ. ಈ ವಾರ, ಮುಂದಿನ ವಾರ. ವರ್ಷ ಆಯ್ತು. ವಾಲ್ಯೂಮ್ ತಿರುಗಿಸುವಾಗ ಕರಕರ ಅಂತದೆ ಅಂತ ಅವರೇ ಕರೆಸಿದ್ರು. ಇವತ್ತು ಹೇಳಿಯೇ ಬಿಡುದು ಅಂತ ಹೋದೆ. ಸರಿ ಮಾಡಿದೆ, ಕೂತೆ. ಬಾಯಮ್ಮ ಚಹಾ ತಂದ್ರು, ಕೇಕು ತಂದ್ರು, ಅವರೇ ಮಾತು ತೆಗೆದ್ರು. "ನೋಡು, ಆ ಹೆಂಗಸು ಬರುದು ನಿಂತ ಮೇಲೆ ಈ ಮನೆಯಲ್ಲಿ ಒಂದು ದಿನ ಆ ವಾಸನೆ ಬರ್ಲಿಲ್ಲ. ನಾನು ಹೇಳಿದ್ದು ಸರಿಯಾ ಇಲ್ವಾ?"

ಬಾಯಿ ತೆರೆದೆ ನಾನು. ನಿಜವಾಗಿ ತೆರೆದೆ. "ಸರಿ ಬಾಯಮ್ಮ" ಅಂದೆ. ಮತ್ತೆ ಕೇಕು ತಿಂದೆ. ಎರಡು ತುಂಡು ತಿಂದೆ, ಥೂ ನನ್ನ ಜನ್ಮಕ್ಕೆ.

ಈಗ ಬಾಯಮ್ಮನೂ ಇಲ್ಲ, ಗಿರಿಜಕ್ಕನೂ ಇಲ್ಲ, ಹೇಳ್ಬೇಕು ಅಂದ್ರೂ ಬಾಗಿಲು ಇಲ್ಲ. ಹಾಗಾಗಿ ನಿಮಗೆ ಹೇಳುದು ಮಕ್ಕಳೇ, ನಿಮ್ಮ ಕೈಯಿಂದ ಎಂತ ಕೆಟ್ಟರೂ ಅಲ್ಲೇ, ಆ ಮನೆಯಲ್ಲಿ ನಿಂತುಕೊಂಡೇ, ನನ್ನದು ಅಂತ ಹೇಳಿಬಿಡಿ. ನಾಳೆ ಹೇಳುವ ಅಂತ ಬಿಟ್ರೆ, ನಾಳೆ ಅವರು ಕೇಕು ಕೊಡ್ತಾರೆ. ಏಳಿ, ಊಟಕ್ಕೆ ಹೊತ್ತಾಯ್ತು.