ದೊಡ್ಡಬಸಪ್ಪನ ತಂಪಿನ ಕಪಾಟು

೧೯೩೯, ಏಪ್ರಿಲ್ ೨೬, ಕುಷ್ಟಗಿ. ಮೋಡವಿಲ್ಲ, ಗಾಳಿಯಿಲ್ಲ, ಬೆಳಗಿನಿಂದಲೇ ಸುಡುಬಿಸಿಲು.

…ಅಲ್ಲಲ್ಲ, ಹಿತ್ತಲ ಬಾಗಿಲಾ ಮುಟ್ಟಬ್ಯಾಡ, ಅನ್ನಮ್ಮ. ತಂಪೆಲ್ಲಾ ಹೊರಗ ಹೋಗ್ತೈತಿ. ಕೂಸಿನ್ನ ತೊಡಿಮ್ಯಾಲ ಹಾಕ್ಕೊಂಡು ಇಲ್ಲೇ ಕಪಾಟಿನ ಮುಂದ ಕುಂಡ್ರು. ಬಾಣಂತನ ಮುಗಿಸಿ ತವರಿನಿಂದ ಈಗಿನ್ನೂ ಚಕ್ಕಡಿ ಇಳದೀದಿ, ದಣದೀದಿ. ನೀ ಹೋದಾಗ ಇದು ಬರೇ ಮನಿ ಇತ್ತು. ಈಗ ಊರಾಗ ಏನಂತಾರ ಗೊತ್ತೇನು? ದೊಡ್ಡಬಸಪ್ಪನ ಪಡಸಾಲ್ಯಾಗ ಸಿಮ್ಲಾ ಐತಿ ಅಂತಾರ.

ಯಾಕ ನಗ್ತಿ? ಬುಡಕ್ಕ ಸೀಮಿಎಣ್ಣಿ ದೀಪ ಉರೀತೈತಿ, ಒಳಗ ನೀರು ಗಟ್ಟಿಯಾಗಿ ಬರ್ಫ ಆಗ್ತೈತಿ. ಖರೇನ. ಕೈ ಹಾಕಿ ನೋಡು… ಹಾಂ. ಸಿಕಂದರಾಬಾದಿನ ದಂಡಿನ್ಯಾಗ ಬಿಳಿ ಸಾಹೇಬ್ರು ಇದರಾಗ ಹಾಲು ಇಡ್ತಿದ್ರಂತ. ಹಾಲು! ನಾ ಅಂದೆ, ಒಂದ ಚರಿಗಿ ಹಾಲಿಗೆ ಇಷ್ಟು ತಂಪು ಯಾಕ? ಬಾಗಿಲಾ ತಗದಿಟ್ರ ಮನಿಯೆಲ್ಲಾ ತಂಪಾಗ್ತೈತಲ್ಲ. ಸಾಹೇಬರಿಗೆ ಹೊಳೀಲಿಲ್ಲ ನೋಡು.

ಮುಖ ಒರಸ್ಕೋ. ಬೆವರು ಬಂತಂದ್ರ ಮೈಯಾಗಿನ ಶೆಕಿ ಹೊಂಟೈತಿ ಅಂತ ಅರ್ಥ.

ಮ್ಯಾಲೇನು ನೋಡ್ತಿ? ಬೆಳಕಿಂಡಿ ನಾನ ಮುಚ್ಚೀನಿ, ಗೋಣಿತಾಟು ತುರುಕಿ ಸಗಣಿ ಮೆತ್ತಿ. ತಂಪು ಸೋರಬಾರದಲ್ಲ… ಹೌದು, ಕತ್ತಲಿ ಆತು. ಹಗಲೊತ್ತು ದೀಪ ಹಚ್ಚಿದ್ರ ಆತು.

ಕರಿಬಸಪ್ಪ ಮಾಸ್ತರು ಬಂದಿದ್ರು. ಕಪಾಟಿನ ಹಿಂದ ಕೈ ಇಟ್ಟು ಚುರುಕು ಮುಟ್ಟಿಸ್ಕೊಂಡ್ರು. ಇದು ತಂಪು ಹುಟ್ಟಸೂದಿಲ್ಲೋ ದೊಡ್ಡಬಸಪ್ಪ, ಬಾವಿ ನೀರು ಸೇದಿ ಕಾಲುವಿಗೆ ಹಾಕಿದಂಗ, ಹೊಟ್ಟ್ಯಾಗಿನ ಶೆಕಿ ಸೇದಿ ಬೆನ್ನಿಂದ ಹೊರಗ ಹಾಕ್ತೈತಿ ಅಂದ್ರು. ಗ್ವಾಡಿ ಒಡದು ಬೆನ್ನು ಹಿತ್ತಲಕ್ಕ ಮಾಡು, ಚಳಿಗಾಲಕ್ಕ ತಿರುವಿ ಇಡು, ಮನಿ ಬೆಚ್ಚಗಿರ್ತೈತಿ ಅಂದ್ರು. ನಾ ಒಪ್ಪಲಿಲ್ಲ. ಎಣ್ಣಿ ನಂದು. ನನ್ನ ಎಣ್ಣಿ ಸುಟ್ಟು ಹುಟ್ಟಿದ ಬಿಸಿ ಹಿತ್ತಲಕ್ಕ ಯಾಕ ದಾನ ಮಾಡ್ಲಿ? ಇರಲಿ, ಮನ್ಯಾಗ ಇರಲಿ.

ಕೂಸು ಯಾಕ ಅಳ್ತೈತಿ? ಹಸಿವು… ಶೆಕಿ ಅಲ್ಲ, ಹಸಿವು. ಮೈ ಕಾದೈತಾ? ಕೂಸಿನ ಮೈ ಯಾವಾಗ್ಲೂ ಬಿಸೀನ ಇರ್ತೈತಿ. ನಾ ಬೀಸಣಿಕಿ ಬೀಸ್ತೀನಿ, ಕುಂಡ್ರು.

ಎಷ್ಟು ಕೊಟ್ಟಿ ಅಂತ ಕಣ್ಣಾಗ ಕೇಳಬ್ಯಾಡ. ಒಂದು ದುಡ್ಡು ಕೊಟ್ಟಿಲ್ಲ. ನಿನ್ನ ಸರಾ ಪೆಟ್ಟಿಗ್ಯಾಗ ಐತಿ, ನೋಡ್ಕೋ. ಹೊಲಾ ಇದ್ದಲ್ಲೇ ಐತಿ. ಈ ಕಪಾಟು ತಂದುಕೊಟ್ಟ ಗಂಗಾವತಿ ವ್ಯಾಪಾರಿ ಭಾಳ ದೊಡ್ಡ ಮನಸಿನಾಂವ.

ಏ, ಎಲ್ಲಿಗೆ? ಚಿಲಕಾ ಬಿಡು. ತೊಟ್ಟಿಲಾ ಇಲ್ಲೇ ತೊಲಿಗೆ ಕಟ್ಟೂಣು. ಈ ಸಲ ಹೊರಗ ಬ್ಯಾಡ… ಬ್ಯಾಡಂದ್ರ ಬ್ಯಾಡ…

ಅನ್ನಮ್ಮ.

ಒಳಗ ಬಾ. ಬಿಸಿಲು ನೆತ್ತಿಗೆ ಬಡೀತೈತಿ. ಕೂಸಿನ ಮಾರಿಗೆ ಸೆರಗರ ಹಾಕು… ಬೈಯಿ ಬೇಕಾರ. ಗೊತ್ತೈತಿ, ಹಿರಿಮಗಳ ತೊಟ್ಟಿಲಾ ಅದ ಟೊಂಗಿಗೆ ಕಟ್ಟಿದ್ದಿ. ಹಂಗ ನಿಂತು ತೆಗ್ಗು ನೋಡಬ್ಯಾಡ.

ಆ ಗಂಗಾವತಿಯಾಂವ ಕಟ್ಟಿಗಿ ವ್ಯಾಪಾರಿ. ರೊಕ್ಕ ಮುಟ್ಟಲಿಲ್ಲ, ಹಿತ್ತಲದ ಬೇವಿನ ಗಿಡಾ ಕೇಳ್ದ. ಬುಡಾ ಬಿಟ್ಟು ಹೋಗ್ತೀನಿ, ಚಿಗೀತೈತಿ ಅಂದ. ನಾನ ಬೇರೂ ಅಗಿಸಿ ಕೊಟ್ಟೆ… ಅದಕ್ಕ ಮ್ಯಾಲೊಂದು ಡಬ್ಬಿ ಎಣ್ಣಿ ಕೊಟ್ಟ.