ದಿಂಬು ಕಟ್ಟಿಕೊಂಡ ಮರಿಯಮ್ಮ

ಒಂದು ಊರು, ಆ ಊರಿಗೊಬ್ಬ ದೊಡ್ಡ ಮನುಷ್ಯ. ದೊಡ್ಡ ಮನುಷ್ಯ ಎಂದು ನಾನು ಹೇಳುತ್ತಿಲ್ಲ, ಅವನೇ ಹೇಳಿಕೊಳ್ಳುತ್ತಿದ್ದ. ಚರ್ಚಿನಲ್ಲಿ ಮೊದಲನೆಯ ಬೆಂಚು ಅವನದು, ಬೆಂಚಿನ ಬೆನ್ನಿಗೆ ಬರೆಸಿದ ಹೆಸರು ಅವನ ಅಪ್ಪನದು. ಇಂಥವನಿಗೂ ಒಂದು ಕೊರಗು. ಯೇಸುವನ್ನು ಹೊತ್ತ ಬಸುರಿ ಮರಿಯಮ್ಮ ಮತ್ತು ಜೋಸೆಫರು ಬೆತ್ಲೆಹೇಮಿಗೆ ಹೋದ ಪಯಣವನ್ನು ಕ್ರಿಸ್ಮಸ್‌ಗೆ ಮುಂಚೆ ಒಂದೊಂದು ವಾರ್ಡಿನವರೂ ಮೆರವಣಿಗೆಯಲ್ಲಿ ಆಡಿ ತೋರಿಸುತ್ತಿದ್ದರು. ಅದರ ಬಹುಮಾನದ ಕಪ್ ಮೂರು ವರ್ಷದಿಂದ ಪಕ್ಕದ ವಾರ್ಡಿಗೇ ಹೋಗುತ್ತಿತ್ತು. ಯಾಕೆ? ಅವರ ಹತ್ತಿರ ಜೀವಂತ ಕುರಿಗಳಿದ್ದವು!

"ಈ ಸಲ ನಾನು ಜೀವಂತ ಕತ್ತೆ ತರ್ತೀನಿ" ಎಂದ ನಮ್ಮ ದೊಡ್ಡ ಮನುಷ್ಯ.

ನೋಡಿ, ಬೈಬಲಿನ ಶುಭಸಂದೇಶವನ್ನು ತಿರುವಿಹಾಕಿ. ಬೆತ್ಲೆಹೇಮಿನ ದಾರಿಯಲ್ಲಿ ಕತ್ತೆ ಇತ್ತೆಂದು ಎಲ್ಲೂ ಬರೆದಿಲ್ಲ. ಛತ್ರದಲ್ಲಿ ಅವರಿಗೆ ಜಾಗ ಸಿಗಲಿಲ್ಲ ಎಂದು ಬರೆದಿದೆ. ಬರೆದದ್ದನ್ನು ಬಿಟ್ಟು ಬರೆಯದ್ದನ್ನು ಹುಡುಕಿಕೊಂಡು ಹೊರಟ, ಈ ಭಕ್ತ.

ಕತ್ತೆ ಬಸ್ ಸ್ಟ್ಯಾಂಡಿನ ಹಿಂದೆ ಸಿಕ್ಕಿತು. ಮಕ್ಕಳ ಕೆಮ್ಮಿಗೆಂದು ಕತ್ತೆಹಾಲು ಮಾರುತ್ತ ಊರೂರು ತಿರುಗುವ ಗಂಡ ಹೆಂಡತಿಯದು. ಹೆಂಡತಿ ತುಂಬು ಬಸುರಿ, ಚೊಚ್ಚಲು. ಹೆರಿಗೆಗೆಂದು ತವರಿಗೆ ಹೊರಟಿದ್ದರು. ಅವಳು ಕತ್ತೆಯ ಮೇಲೆ, ಅವನು ಕಾಲ್ನಡಿಗೆ. ಇನ್ನೊಂದು ದಿನದ ದಾರಿ ಉಳಿದಿತ್ತು.

"ನಾಳೆ ಸಂಜೆವರೆಗೆ ಕತ್ತೆ ಕೊಡಯ್ಯ."

"ಈಕಿಗೆ ದಿನಾ ತುಂಬ್ಯಾವ್ರಿ, ಸಾವಕಾರ್ರ. ಇವತ್ತ ಹೊಂಟು ತವರಮನಿ ಮುಟ್ಟಬೇಕ್ರಿ."

"ಒಂದು ದಿನಕ್ಕೆ ಏನಾಗುತ್ತೆ? ದೇವರ ಕೆಲಸ ಕಣಯ್ಯ, ಪುಣ್ಯ ಬರುತ್ತೆ."

ಪುಣ್ಯ ಅಂತೆ, ಪುಣ್ಯ! ಬಡವನ ಕೈಗೆ ನೋಟು ತುರುಕಿ ಕತ್ತೆಯನ್ನು ಟೆಂಪೋಗೆ ಹತ್ತಿಸಿಕೊಂಡು ಹೋಗಿಯೇ ಬಿಟ್ಟ.

ಮರುದಿನ ಸಂಜೆ ನಾಲ್ಕು ಗಂಟೆಗೆ ಮೆರವಣಿಗೆ. ಅವನ ಸೊಸೆಯೇ ಮರಿಯಮ್ಮ. ನೀಲಿ ರೇಷ್ಮೆಯೊಳಗೆ ಹೊಟ್ಟೆಗೊಂದು ದಿಂಬು ಕಟ್ಟಿ ಅವಳನ್ನು ಕತ್ತೆಯ ಮೇಲೆ ಕೂರಿಸಿದರು. ದೊಡ್ಡ ಮನುಷ್ಯ ಚಿನ್ನದ ಕಾಗದದ ಕಿರೀಟ ಇಟ್ಟುಕೊಂಡು ಕೂಸು ಯೇಸುವನ್ನು ನೋಡಲು ಬಂದ ಪೂರ್ವದೇಶದ ಜ್ಞಾನಿಯಾದ. ಜ್ಞಾನಿ! ಬೇರೆ ವೇಷ ಅವನಿಗೆ ಹೊಳೆಯಲೂ ಇಲ್ಲ. ಬ್ಯಾಂಡು ಬಾರಿಸಿತು, ಕತ್ತೆ ಮಾತ್ರ ಒಂದು ಹೆಜ್ಜೆಯೂ ಇಡಲಿಲ್ಲ. ತಳ್ಳಿದರು, ಬೈದರು, ಬೆಲ್ಲ ತೋರಿಸಿದರು.

"ಆಕಿ ಮ್ಯಾಲ ಕುಂತ್ರ, ಇಲ್ಲಾ ಮುಂದ ನಡದ್ರಷ್ಟ ನಡಿತೈತ್ರಿ ಅದು. ಆಕೀನ ಸಾಕಿದ್ದು" ಎಂದ ಆ ಬಸುರಿಯ ಗಂಡ, ನೆಲ ನೋಡುತ್ತ.

ಸರಿ, ಅವಳನ್ನು ಕರೆಸಿದ. ಹರಕು ಸೀರೆ ಕಾಣಬಾರದೆಂದು ಮೇಲೊಂದು ಕಂಬಳಿ ಹೊದಿಸಿ, ಕುರಿ ಕಾಯುವವಳನ್ನಾಗಿ ಮಾಡಿ, ಹಗ್ಗ ಅವಳ ಕೈಗೆ ಕೊಟ್ಟ. ಈಗ ಆ ಚಿತ್ರವನ್ನು ನೋಡಿ. ದಿಂಬು ಕತ್ತೆಯ ಮೇಲೆ, ಮಗು ಕಾಲ್ನಡಿಗೆಯಲ್ಲಿ. ಹಿಂದೆ ಬರುತ್ತಿದ್ದ ಜ್ಞಾನಿಗೆ ಕಂಡದ್ದು ಕತ್ತೆ ನಡೆಯುತ್ತಿದೆ ಎಂಬುದಷ್ಟೇ.

ಅವನ ಮನೆಯ ಮುಂದೆ ಬಂದಾಗ ಅವಳು ನಿಂತಳು. ಮುಖವೆಲ್ಲ ಬೆವರು.

"ಬ್ಯಾನಿ ಸುರು ಆಗ್ಯಾವ್ರಿ, ಯಪ್ಪಾ. ನಿಮ್ಮ ಕಟ್ಟಿ ಮ್ಯಾಲ ಒಂಚೂರ ಕುಂದ್ರತೇನ್ರಿ."

ರಸ್ತೆಯ ತಿರುವಿನಲ್ಲೇ ತೀರ್ಪುಗಾರರು ಕಾಗದ ಹಿಡಿದು ನಿಂತಿದ್ದಾರೆ. ಇವನ ಕಣ್ಣು ಹೋದದ್ದು ಆ ಕಾಗದದ ಕಡೆಗೆ, ಅವಳ ಕಡೆಗಲ್ಲ. "ಇಲ್ಲಿ ಬೇಡಮ್ಮ. ಮನೆ ತುಂಬ ನೆಂಟರು, ಜಾಗ ಇಲ್ಲ. ಇನ್ನು ನೂರು ಹೆಜ್ಜೆ ನಡಿ, ಅಲ್ಲೇ ಚರ್ಚು" ಎಂದ. ಜಾಗ ಇಲ್ಲ! ತಾನು ಆಡಿದ ಮಾತು ಅವನ ಕಿವಿಗೆ ಬಿತ್ತೇ? ಎಲ್ಲಿಂದ ಬೀಳಬೇಕು, ಕಿರೀಟ ಕಿವಿಯವರೆಗೆ ಇಳಿದಿತ್ತು.

ಅವಳು ಹತ್ತು ಹೆಜ್ಜೆ ನಡೆದಳು. ಚೀರಿದಳು. ರಸ್ತೆಯಲ್ಲೇ ಮಂಡಿಯೂರಿದಳು. ಜನ ಏನು ಮಾಡಿದರು ಗೊತ್ತೇ? ಚಪ್ಪಾಳೆ ತಟ್ಟಿದರು! "ಅಬ್ಬಬ್ಬಾ, ಏನು ಆಕ್ಟಿಂಗು!" ಎಂದರು. ಕಪ್ ಬಂದಂತೆಯೇ ಎಂದು ಜ್ಞಾನಿಯ ಎದೆ ಉಬ್ಬಿತು.

ಅಷ್ಟರಲ್ಲಿ ಸೊಸೆ ಕತ್ತೆಯಿಂದ ಜಾರಿ ಇಳಿದಳು. ಎಲ್ಲರೆದುರಿಗೇ ರೇಷ್ಮೆ ಸರಿಸಿ, ಗಂಟು ಬಿಚ್ಚಿ, ದಿಂಬನ್ನು ಎಳೆದು ಆ ಹೆಣ್ಣಿನ ತಲೆಯ ಕೆಳಗಿಟ್ಟಳು.

"ಮಾವ, ಬಾಗಿಲು ತೆಗೀರಿ."

"ಏಯ್, ದಿಂಬು ಕಟ್ಕೋ! ಜಡ್ಜುಗಳು ನೋಡ್ತಿದ್ದಾರೆ!"

ಒಂದು ಜೀವ ಹುಟ್ಟುವ ಹೊತ್ತಿನಲ್ಲಿ ಆ ಮಹಾನುಭಾವನ ಬಾಯಿಂದ ಬಂದದ್ದು ಇದು. ಸೊಸೆ ಹಗ್ಗವನ್ನು ಮಾವನ ಕೈಗೆ ತುರುಕಿ, ಆ ಗಂಡನ ಜೊತೆ ಸೇರಿ ಅವಳನ್ನು ಎತ್ತಿಕೊಂಡು ಬಾಗಿಲು ದೂಡಿ ಒಳಗೆ ಹೋದಳು. ದೊಡ್ಡ ಮನುಷ್ಯನ ಮಂಚದ ಮೇಲೆಯೇ ಹೆಣ್ಣುಮಗು ಹುಟ್ಟಿತು. ಕತ್ತೆ ಮಗುವಿನ ಅಳು ಕೇಳಿ ಆ ಮನೆಯ ಕಡೆ ಎಳೆಯತೊಡಗಿತು. ಅವನು ತೀರ್ಪುಗಾರರ ಕಡೆ ಎಳೆಯುತ್ತಿದ್ದ.

ನನ್ನ ಪ್ರಸಂಗ ಕೇಳಿ ಬೆಂಚುಗಳಲ್ಲಿ ನಗುತ್ತಿದ್ದೀರಿ. ನಗಿ, ನಗಿ. ಅವನನ್ನು ನೋಡಿ ನಗುವವರಿಗೆ ನಾನೊಂದು ಕೇಳುತ್ತೇನೆ. ಚಪ್ಪಾಳೆ ತಟ್ಟಿದವರು ಯಾರು?

ಮರಿಯಮ್ಮ ಬಸುರಿಯಾಗಿ ತನ್ನ ಬಂಧು ಎಲಿಜಬೇತಳ ಮನೆಗೆ ಹೋದಾಗ ಆ ಮನೆಯಾಕೆ ಸಂಭ್ರಮದಿಂದ ಬರಮಾಡಿಕೊಂಡಳು. ನಿಮ್ಮ ಮನೆಗೆ ಏಳು ತಿಂಗಳ ಬಸುರಿ ನೆಲ ಒರೆಸಲು ಬಂದರೆ ಏನು ಹೇಳುತ್ತೀರಿ? "ಬೇಗ ಮುಗಿಸು, ಚರ್ಚಿಗೆ ಹೊತ್ತಾಯ್ತು" ಎನ್ನುತ್ತೀರಿ. ಮರಿಯಮ್ಮನ ಕುಟುಂಬ ಕೂಸನ್ನು ಎತ್ತಿಕೊಂಡು ಪ್ರಾಣಭಯದಿಂದ ಈಜಿಪ್ಟಿಗೆ ಓಡಿತು. ಕೂಸನ್ನು ಎತ್ತಿಕೊಂಡು ಪರವೂರಿನಿಂದ ಬಂದವರು ಬಾಡಿಗೆಗೆ ಮನೆ ಕೇಳಿದರೆ ನಿಮ್ಮ ಗೇಟು ತೆರೆಯುತ್ತದೆಯೇ? ಬಸ್ಸಿನಲ್ಲಿ ಬಸುರಿ ನಿಂತಿದ್ದರೆ ಕಿಟಕಿಯಾಚೆ ನೋಡುತ್ತ ಜಪಮಣಿ ಎಣಿಸುತ್ತೀರಿ. ಭಕ್ತಿಯಂತೆ! ಹೊಟ್ಟೆಗೆ ಕಟ್ಟಿಕೊಂಡ ದಿಂಬು ಅದು, ಬಿಚ್ಚಿ ಅದನ್ನು.

ನಾಳೆಯಿಂದ ನಿಮ್ಮ ಪಾದ್ರಿ ನಾನು, ಯೇಸು ಹುಟ್ಟಿದ ಕೊಟ್ಟಿಗೆಯೆಂದು ಗೊಂಬೆ ಇಟ್ಟು ನೀವು ಕಟ್ಟಿದ ಗೋದಲಿ ಆಶೀರ್ವದಿಸಲು ಮನೆಮನೆಗೆ ಬರುತ್ತೇನೆ. ಅದರ ಮೇಲೆ ತೂಗುವ ನಕ್ಷತ್ರ ಎಷ್ಟು ದೊಡ್ಡದೆಂದು ನೋಡುವುದಿಲ್ಲ. ಸೀದಾ ಅಡುಗೆಮನೆಗೆ ಹೋಗಿ, ಕೆಲಸದವಳಿಗೆ ಕೂರಲು ಒಂದು ಕುರ್ಚಿ ಇದೆಯೇ ಎಂದು ಅವಳನ್ನೇ ಕೇಳುತ್ತೇನೆ. ಇಲ್ಲ ಎಂದರೆ ನಿಮ್ಮ ಗೋದಲಿಯಲ್ಲಿರುವ ಕತ್ತೆಯೊಂದಕ್ಕೆ ಮಾತ್ರ ಪವಿತ್ರ ಜಲ ಚಿಮುಕಿಸಿ ಬರುತ್ತೇನೆ.